ಅಳಿಸುವ ಅಧಿಕಾರ

ಹತ್ತಾರು ಜನ ಕಂಪ್ಯೂಟರಿನಲ್ಲಿ ಒಟ್ಟಿಗೆ ಬರೆಯುವಂಥ ಸಾಫ್ಟ್‌ವೇರ್ ತಯಾರಿಸುವುದು ನನ್ನ ಹೊಟ್ಟೆಪಾಡು. ಅಂಥ ನಾನು ನಮ್ಮ ಕನ್ನಡದ ಮಂದಿಯಿಂದ ಒಂದು ಪುಟ್ಟ ನಾಟಕ ಬರೆಸಲು ಹೋಗಿ ಸುಸ್ತಾದೆ.

ಯುಗಾದಿ ಕಾರ್ಯಕ್ರಮದಲ್ಲಿ ನಮಗೆ ಸಿಕ್ಕಿದ್ದು ಅರ್ಧ ಗಂಟೆ. ಈ ಪರದೇಶದಲ್ಲಿ ಇಸ್ಸಾಕ್ವಾ, ಕೆನ್ಮೋರ್, ಸ್ನೊಕ್ವಾಲ್ಮಿ ಎಂದು ಬೇರೆ ಬೇರೆ ಊರುಗಳಿಗೆ ಹಂಚಿಹೋದ ನಾವು ಒಂದೆಡೆ ಸೇರುವುದು ಯಾವಾಗ? ನಾಯಕನ ಮಾತುಗಳನ್ನು ನಾನೇ ಬರೆದು, ಡಾಕ್ಯುಮೆಂಟನ್ನು ಆನ್‌ಲೈನಿನಲ್ಲಿಟ್ಟು, ಸೇರಿಸುವ, ಅಳಿಸುವ ಅಧಿಕಾರವನ್ನು ಎಲ್ಲರಿಗೂ ಕೊಟ್ಟೆ. ವಿಡಿಯೋ ಕಾಲ್‌ನಲ್ಲಿ ಪಾಠವನ್ನೂ ಮಾಡಿದೆ. ಎಲ್ಲರೂ ಚೆನ್ನಾಗಿಯೇ ಕಲಿತರು, ಆದರೆ ಸೇರಿಸಿದರೇ ಹೊರತು ಯಾರೂ ಅಳಿಸಲಿಲ್ಲ. ಹಿರಿಯರ ಮಾತನ್ನು ಅಳಿಸುವುದುಂಟೇ? ಕಿರಿಯರದ್ದನ್ನು ಅಳಿಸಿದರೆ ಅವರ ಮನೆಯವರು ಏನಂದುಕೊಂಡಾರು? ಎಲ್ಲರೂ ಪುಟದ ಅಂಚಿನಲ್ಲಿ ‘ಸೂಪರ್’ ಎಂದು ಬರೆದು, ಆಮೇಲೆ ಗುಟ್ಟಾಗಿ ನನಗೆ ಫೋನ್ ಮಾಡುತ್ತಿದ್ದರು: “ಸರೋಜಕ್ಕನ ಸೀನ್ ಸ್ವಲ್ಪ ಜಾಸ್ತಿ ಆಯ್ತಲ್ವಾ? ನೀವೇ ಹೇಳ್ಬಿಡಿ.”

ನಾಟಕ ಎರಡು ಗಂಟೆ ಮುಟ್ಟಿತು. ಚಿಕ್ಕದು ಮಾಡದಿದ್ದರೆ ನಾಟಕವೇ ಬೇಡ ಎಂದರು ಆಯೋಜಕರು.

ಸ್ನೊಕ್ವಾಲ್ಮಿಯ ಸರೋಜಕ್ಕ ನಮ್ಮ ಗುಂಪಿನ ಹಿರಿಯರು. ಅವರು ಸೃಷ್ಟಿಸಿದ ಮಾವನ ಪಾತ್ರ ಬಾಯಿ ತೆರೆದರೆ ಮುಚ್ಚುತ್ತಿರಲಿಲ್ಲ. ಆಫೀಸಿನಲ್ಲಿ ಪರರ ಬರಹವನ್ನು ಪುಟಗಟ್ಟಲೆ ಅಳಿಸುವ ನನಗೆ ಇಲ್ಲಿ ಬೆರಳೇ ಏಳಲಿಲ್ಲ. ಸಾಫ್ಟ್‌ವೇರ್ ತೃಪ್ತಿ ತಂದಿದೆಯೇ ಎಂದು ಅದನ್ನು ಬಳಸುವವರನ್ನೆಲ್ಲ ನಮ್ಮ ಕಂಪನಿ ಕೇಳುತ್ತದೆ. ಒಟ್ಟಿಗೆ ಬರೆಯುವ ನೀವು ಒಬ್ಬರ ಮನೆಯಲ್ಲಿ ಇನ್ನೊಬ್ಬರು ಉಂಡಿದ್ದೀರಾ ಎಂದು ಮಾತ್ರ ಕೇಳುವುದಿಲ್ಲ.

ಭಾನುವಾರ ಸರೋಜಕ್ಕನ ಮನೆಗೇ ಹೋದೆ. ಬಿಸಿಬೇಳೆಬಾತ್ ಎರಡನೇ ಸಲ ಬಡಿಸುವಾಗ ಧೈರ್ಯ ಬಂತು.

“ಅಕ್ಕಾ, ಆ ಮಾವನ ಮಾತು ಸ್ವಲ್ಪ...”

“ಉದ್ದ ಆಯ್ತು, ಗೊತ್ತು ಕಣೋ. ನಿನ್ನ ಹೀರೋ ಭಾಷಣ ಅದಕ್ಕಿಂತ ಉದ್ದ! ನೀನು ಬೇಜಾರು ಮಾಡ್ಕೋತೀಯ ಅಂತ ನಾನು ಮುಟ್ಟಿರ್ಲಿಲ್ಲ.”

ನನ್ನ ಮುಖ ಹೇಗಾಗಿತ್ತೋ, ಅವರು ಸೌಟು ಹಿಡಿದುಕೊಂಡೇ ನಕ್ಕರು. ಊಟದ ಮೇಜಿನ ಮೇಲೇ ಲ್ಯಾಪ್‌ಟಾಪ್ ತೆರೆದು ಮಾವನ ಬಾಯಿ ಮುಚ್ಚಿಸಿದೆವು. ನನ್ನ ನಾಯಕನ ವಿಷಯ ನಾನು ಎತ್ತಲಿಲ್ಲ.

ಮರುದಿನ ನೋಡಿದರೆ ನಾಯಕ ಒಂದೇ ಸಾಲಿಗೆ ಇಳಿದಿದ್ದ. ಅಕ್ಕನನ್ನು ನೋಡಿ ಉಳಿದವರೂ ಕೈಯಾಡಿಸಿ, ನಾಟಕ ಅರ್ಧ ಗಂಟೆಯೊಳಗೆ ಬಂದು ಕೂತಿತ್ತು. ಅಂಚಿನಲ್ಲಿ ‘ಸೂಪರ್’ ಇರಲಿಲ್ಲ. ಸರೋಜಕ್ಕ ಬರೆದಿದ್ದರು: “ಅಳಿಸಿದೀನಿ ಕಣೋ. ಬಾತ್ ಡಬ್ಬೀಲಿ ಹಾಕಿಟ್ಟಿದ್ದೆ, ಬಿಟ್ಟು ಹೋಗಿದೀಯಲ್ಲ!”

ಸಿಟ್ಟು ಬರಬೇಕಿತ್ತು, ಖುಷಿಯಾಯಿತು. ಅಳಿಸುವ ಅಧಿಕಾರವನ್ನು ನಾನು ಒಂದು ಕ್ಲಿಕ್ಕಿನಲ್ಲಿ ಕೊಟ್ಟಿದ್ದೆ. ಅವರು ಅದನ್ನು ತೆಗೆದುಕೊಂಡದ್ದು ನನಗೆ ಊಟ ಹಾಕಿದ ಮೇಲೆ.