ದೊಡ್ಡಮ್ಮ ಸಣ್ಣದನ್ನೇ ಆರಿಸಿದ್ದು

ನನ್ನ ದೊಡ್ಡಮ್ಮ ಟೈಲರ್. ಅವಳ ಕತ್ತರಿಯನ್ನು ಬಟ್ಟೆಗೆ ಬಿಟ್ಟು ಬೇರೆ ಯಾವುದಕ್ಕೂ ಮುಟ್ಟಿಸುವಂತಿಲ್ಲ. ಕಾಗದ ಕತ್ತರಿಸಿದರೂ ಹರಿತ ಹೋಗುತ್ತದೆ. ಇದು ಗೊತ್ತಿದ್ದೂ ನನ್ನ ಅಮ್ಮ ಒಂದು ದಿನ ಅದೇ ಕತ್ತರಿಯಲ್ಲಿ ತೊಟ್ಟಿಯಿಂದ ಗಿಡಗಳಿಗೆ ನೀರು ಬಿಡುವ ರಬ್ಬರ್ ಪೈಪ್ ಕತ್ತರಿಸಿದಳು. ಅಂದಿನಿಂದ ಅಕ್ಕ ತಂಗಿ ಮಾತು ಬಿಟ್ಟರು.

ಮಾತು ಬಿಟ್ಟರೇ ಹೊರತು ಮನೆ ಬಿಡಲಿಲ್ಲ. ಕೊನೆಯ ಕರೆಂಟ್ ಕಂಬ ದಾಟಿ ಬಹಳ ದೂರ ನಡೆದರೆ ಸಿಗುವ ಆ ಮನೆಯ ಮುಂದಿನ ಕೋಣೆಯಲ್ಲಿ ದೊಡ್ಡಮ್ಮನ ಹೊಲಿಗೆ, ಹಿತ್ತಲಲ್ಲಿ ಅಮ್ಮ ಮಾರಾಟಕ್ಕೆ ಬೆಳೆಸುವ ಹೂಗಿಡಗಳು, ನಡುವೆ ನಾನು. "ಉಪ್ಪು ಮುಗಿದಿದೆ ಅಂತ ನಿಮ್ಮಮ್ಮನಿಗೆ ಹೇಳು" ಎನ್ನುತ್ತಿದ್ದಳು ಒಬ್ಬಳು. "ನನಗೂ ಕಣ್ಣಿದೆ ಅಂತ ನಿನ್ನ ದೊಡ್ಡಮ್ಮನಿಗೆ ಹೇಳು" ಎನ್ನುತ್ತಿದ್ದಳು ಇನ್ನೊಬ್ಬಳು. ಇಬ್ಬರೂ ನನ್ನ ಅಕ್ಕಪಕ್ಕದಲ್ಲೇ ಕೂತು ಊಟ ಮಾಡುತ್ತಿದ್ದರು. ನಾನು ತುತ್ತು ನುಂಗಿ, ಅವರು ಆಗಲೇ ಕೇಳಿಸಿಕೊಂಡದ್ದನ್ನು ಇನ್ನೊಮ್ಮೆ ಹೇಳುತ್ತಿದ್ದೆ.

ಅಷ್ಟರಲ್ಲಿ ನನಗೆ ಮದುವೆ ಗೊತ್ತಾಯಿತು. ಹುಡುಗ ಬೇರೆ ಊರಿನವನು. ಇಬ್ಬರೂ ಖುಷಿಪಟ್ಟರು, ಬೇರೆ ಬೇರೆಯಾಗಿ. ನನಗೆ ಮಾತ್ರ ಭಯ. ನಾನು ಹೋದ ಮೇಲೆ ಒಬ್ಬಳು ಜಾರಿ ಬಿದ್ದರೆ ಇನ್ನೊಬ್ಬಳನ್ನು ಕರೆಯುತ್ತಾಳೆಂಬ ನಂಬಿಕೆ ನನಗಿರಲಿಲ್ಲ.

ಹೋಗುವ ಮೊದಲು ಸೋಲಾರ್ ಆದರೂ ಹಾಕಿಸಿಬಿಡೋಣ ಎಂದುಕೊಂಡೆ. ಇದ್ದಿಲಿನ ಇಸ್ತ್ರಿಪೆಟ್ಟಿಗೆ ಎತ್ತಿ ಎತ್ತಿ ದೊಡ್ಡಮ್ಮನ ಭುಜ ಹೋಗಿತ್ತು. ಬಾವಿಯಿಂದ ನೀರು ಸೇದಿ ಸೇದಿ ಅಮ್ಮನ ಸೊಂಟ. ಸೋಲಾರ್ ಹಾಕಲು ಬಂದವರನ್ನು ಊರೆಲ್ಲ 'ಇನ್ವರ್ಟರ್ ಮೇಷ್ಟ್ರು' ಎನ್ನುತ್ತಿತ್ತು. ಪಾಠ ಮಾಡದೆ ಅವರು ಒಂದು ಬಲ್ಬನ್ನೂ ಮಾರುವವರಲ್ಲ.

"ಮನೇಲಿ ಏನೇನಿದೆ ಅನ್ನೋದು ಆಮೇಲೆ. ಯಾವ್ಯಾವುದು ಒಟ್ಟಿಗೆ ಓಡುತ್ತೆ, ಅದು ಹೇಳಿ. ಇನ್ವರ್ಟರ್ ಎಷ್ಟು ದೊಡ್ಡದು ಬೇಕು ಅನ್ನೋದು ಅದರ ಮೇಲೆ."

ಒಟ್ಟಿಗೆ ಎಂಬ ಮಾತು ಕೇಳಿ ಅಮ್ಮ ಗೋಡೆ ನೋಡಿದಳು. ದೊಡ್ಡಮ್ಮ ಸೂಜಿಗೆ ದಾರ ಪೋಣಿಸಿದಳು. ಕರೆಂಟಿನ ಇಸ್ತ್ರಿಪೆಟ್ಟಿಗೆ, ಬಾವಿಗೊಂದು ಪಂಪು ಎಂದು ನಾನೇ ಹೇಳಿದೆ.

"ಇಸ್ತ್ರಿಪೆಟ್ಟಿಗೆ ಸಾವಿರ ವ್ಯಾಟ್. ಪಂಪು ಓಡೋವಾಗ ನಾನೂರೇ, ಆದ್ರೆ ಶುರುವಾಗೋವಾಗ ಒಂದು ಕ್ಷಣ ಮೂರರಷ್ಟು ಎಳೆಯುತ್ತೆ." ಬೆಳಗ್ಗೆ ಹಾಸಿಗೆಯಿಂದ ಏಳುವಾಗ ಅಮ್ಮನೂ ಹಾಗೆಯೇ, ನಾನು ಹೇಳಲಿಲ್ಲ. "ಎರಡೂ ಒಟ್ಟಿಗೆ ಬೇಕು ಅಂದ್ರೆ ಮೂರು ಸಾವಿರದ ದೊಡ್ಡ ಇನ್ವರ್ಟರ್. ಒಂದೂವರೆ ಸಾವಿರದ ಸಣ್ಣದಾದ್ರೆ ಒಂದ್ಸಲಕ್ಕೆ ಒಂದೇ. ಸ್ವಿಚ್ ಹಾಕೋ ಮುಂಚೆ ಒಬ್ಬರು ಇನ್ನೊಬ್ಬರಿಗೆ ಕೂಗಿ ಹೇಳ್ಬೇಕು. ಇಲ್ಲಾಂದ್ರೆ ಟ್ರಿಪ್ ಆಗಿ ಎಲ್ಲಾ ಆಫ್."

"ದೊಡ್ಡದೇ ಹಾಕಿ" ಎಂದೆ. ಇದರಲ್ಲಿ ಯೋಚಿಸುವುದಾದರೂ ಏನಿತ್ತು?

"ಸಣ್ಣದು ಸಾಕು" ಎಂದಳು ದೊಡ್ಡಮ್ಮ.

"ದೊಡ್ಡಮ್ಮಾ, ಕೂಗಿ ಹೇಳ್ಬೇಕಂತೆ. ಕೇಳಿಸ್ತಾ?"

"ನನ್ನ ಕಿವಿ ಚೆನ್ನಾಗೇ ಇದೆ."

ನನಗೆ ಮೈಯೆಲ್ಲ ಉರಿಯಿತು. ಅಮ್ಮನಾದರೂ ಬೇಡ ಎನ್ನುತ್ತಾಳೇನೋ ಎಂದು ನೋಡಿದೆ. "ಅವಳಿಷ್ಟ ಅಂತ ಹೇಳು" ಎಂದಳು. ಸಣ್ಣದೇ ಬಂತು.

ಮೊದಮೊದಲು ದಿನಾ ಟ್ರಿಪ್. ಒಳಗೆ ಇಸ್ತ್ರಿಪೆಟ್ಟಿಗೆ ಕಾಯುತ್ತಿರುವಾಗಲೇ ಹಿತ್ತಲಲ್ಲಿ ಪಂಪಿನ ಸ್ವಿಚ್ ಬೀಳುತ್ತಿತ್ತು. ಇನ್ವರ್ಟರ್ ಕುಂಯ್ ಎಂದು ಸುಮ್ಮನಾಗುತ್ತಿತ್ತು. ಇಬ್ಬರೂ ನನ್ನನ್ನು ಕರೆಯುತ್ತಿದ್ದರು. ನಾನು ಅದನ್ನು ಮತ್ತೆ ಆನ್ ಮಾಡಿ, ಇಬ್ಬರಿಗೂ ಒಟ್ಟಿಗೇ ಬೈಯುತ್ತಿದ್ದೆ. ಆಮೇಲೆ ಮದುವೆಯಾಗಿ ಹೊರಟೆ. ಬಸ್ಸಿನಲ್ಲಿ ನಾನು ಬಿಕ್ಕಿ ಬಿಕ್ಕಿ ಅತ್ತದ್ದು ಕಂಡು ಗಂಡ ನೀರಿನ ಬಾಟಲಿ ಕೊಟ್ಟ.

ಕೆಲವು ತಿಂಗಳ ನಂತರ ತವರಿಗೆ ಬಂದೆ. ಗೇಟು ತೆಗೆಯುವಾಗಲೇ ಕೇಳಿಸಿತು.

"ಅಕ್ಕಾ, ಪಂಪ್ ಹಾಕ್ತೀನಿ!"

"ತಡಿಯೇ, ಕಾಲರ್ ಇದೆ!"

"ನಿನ್ನ ಕಾಲರ್ ಮುಗಿಯೋದ್ರೊಳಗೆ ಗಿಡ ಒಣಗುತ್ತೆ!"

"ಒಣಗಲಿ! ಪೈಪ್ ಕತ್ತರಿಸೋಕೆ ಕತ್ತರಿ ಇಲ್ಲೇ ಇದೆ, ಬಾ!"

ಬ್ಯಾಗು ಹಿಡಿದುಕೊಂಡು ಗೇಟಿನಲ್ಲೇ ನಿಂತುಬಿಟ್ಟೆ. 

ಮರುದಿನ ಬ್ಯಾಟರಿಯ ನೀರು ನೋಡಲು ಮೇಷ್ಟ್ರು ಬಂದರು. ಈ ಕೂಗಾಟ ಅವರ ಕಿವಿಗೂ ಬಿತ್ತು. "ಸಣ್ಣದು ವಾಪಸ್ ತಗೊಂಡು ದೊಡ್ಡದು ಹಾಕ್ಕೊಡ್ತೀನಮ್ಮ. ದಿನಾ ಈ ಗಂಟಲು ನೋವು ಯಾಕೆ?" ಎಂದರು.

"ಬೇಡ" ಎಂದಳು ದೊಡ್ಡಮ್ಮ. ಅವರು ಗೇಟು ದಾಟಿದ ಮೇಲೆ, ನನ್ನ ಮುಖ ನೋಡದೆ ಹೇಳಿದಳು: "ದೊಡ್ಡದು ಬಂದ್ರೆ ನಿಮ್ಮಮ್ಮ ನನ್ನನ್ನ ಯಾಕೆ ಕರೀತಾಳೆ?"

ಹಿತ್ತಲಿಂದ ಅಮ್ಮನ ದನಿ ಬಂತು. "ಅಕ್ಕಾ, ಆಯ್ತಾ?"

ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆಗಲೇ ಆಫ್ ಆಗಿತ್ತು. ಅಂಗಿಗಳನ್ನೆಲ್ಲ ಮಡಿಸಿ ಇಟ್ಟಾಗಿತ್ತು.

"ತಡಿಯೇ, ಇನ್ನೂ ಒಂದಿದೆ!" ಎಂದು ದೊಡ್ಡಮ್ಮ ಕೂಗಿದಳು.