ಕುದುರೆಗೆ ಸಾರಿ ಕೇಳಿದವಳು

ಕುದುರೆ ನನ್ನ ಮಗಳ ಕಾಲು ತುಳಿಯಿತು. ಪೂರ್ತಿ ತುಳಿಯಲಿಲ್ಲ; ಬೂಟಿನ ತುದಿಯ ಮೇಲೆ ಗೊರಸಿಟ್ಟು ತೆಗೆಯಿತು, ಅಷ್ಟೇ. ಮಗಳು ಹಿಂದೆ ಸರಿದು, ಕುದುರೆಯ ಮುಖ ನೋಡಿ, "ಸಾರಿ" ಅಂದಳು.

ಬೇಲಿಯ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಬಾಗಿಲಿಗೆ ಭುಜ ತಗುಲಿದರೂ ಸಾರಿ ಅನ್ನುವ ಮನೆ ನಮ್ಮದು. ಒಳಗೆ ಅವಳ ಜೊತೆ ನಿಂತಿದ್ದ ಕೌನ್ಸೆಲರ್ ಮಾತ್ರ ಬಿಡಲಿಲ್ಲ.

"ಏನಮ್ಮಾ, ತುಳಿದಿದ್ದು ಯಾರು?"

"ಅಜ್ಜಿ." ಆ ಕುದುರೆಯನ್ನು ಅಲ್ಲಿ ಎಲ್ಲರೂ ಕರೆಯುತ್ತಿದ್ದದ್ದೇ ಹಾಗೆ. ವಯಸ್ಸಾದ ಕಂದು ಹೆಣ್ಣುಕುದುರೆ, ಹಣೆಯ ಮೇಲೆ ಬಿಳಿಕೂದಲು.

"ಮತ್ತೆ ಸಾರಿ ಕೇಳಿದ್ದು?"

ಮಗಳು ಬೂಟಿನ ತುದಿ ನೋಡಿಕೊಂಡಳು. ಆದರೆ ಅವಳ ತುಟಿಯ ಒಂದು ತುದಿ ಸ್ವಲ್ಪ ಮೇಲೆ ಹೋದದ್ದನ್ನು ನಾನು ನೋಡಿದೆ. ಎಷ್ಟೋ ತಿಂಗಳಿಂದ ಆ ತುದಿ ಅಲುಗಿರಲಿಲ್ಲ.

ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಅವಳು ಕಾಲೇಜು ಬಿಟ್ಟು ಮನೆಯಲ್ಲಿ ಕೂತಳು. ಬಸ್ಸಿನಲ್ಲಿ ಎದೆ ಹೊಡೆದುಕೊಂಡು, ಕೈ ಮರಗಟ್ಟಿ, ಕೊಡಿಗೇಹಳ್ಳಿ ಸ್ಟಾಪಿನಲ್ಲಿ ಇಳಿದು ಕಟ್ಟೆಯ ಮೇಲೆ ಕೂತವಳನ್ನು ನಾನೇ ಆಟೋದಲ್ಲಿ ಕರೆತಂದಿದ್ದೆ. ಆಮೇಲೆ ಬಸ್ ಹತ್ತಲಿಲ್ಲ. ನಿದ್ದೆ ಹೋಯಿತು, ಊಟ ಹೋಯಿತು. ಉಗುರು ಕಚ್ಚಿ ಕಚ್ಚಿ ಬೆರಳ ತುದಿಗಳು ಕೆಂಪಾದವು. ಡಾಕ್ಟರು ಮಾತ್ರೆ ಬರೆದರು, ಅದರಿಂದ ನಿದ್ದೆ ಬಂತು. ಆದರೆ ಅವಳಿಂದ ಮಾತು ಹೊರಡಿಸುವುದು ಅವರಿಗೂ ಆಗಲಿಲ್ಲ. ಏನು ಕೇಳಿದರೂ "ಪರ್ವಾಗಿಲ್ಲ." ಉಪ್ಪಿಟ್ಟು ಮಾಡ್ಲಾ? ಪರ್ವಾಗಿಲ್ಲ. ಫ್ಯಾನ್ ಹಾಕ್ಲಾ? ಪರ್ವಾಗಿಲ್ಲ. ಗೆಳತಿಯರು ತಮ್ಮ ಪ್ರಾಜೆಕ್ಟ್ ಕೆಲಸವನ್ನೆಲ್ಲ ಅವಳ ತಲೆಗೆ ಕಟ್ಟಿದಾಗಲೂ ಅವಳು ಅಂದದ್ದು ಅದನ್ನೇ ಎಂದು ನಮಗೆ ಗೊತ್ತಾಗುವ ಹೊತ್ತಿಗೆ ಬಹಳ ತಡವಾಗಿತ್ತು.

ಮಾತ್ರೆಯ ಜೊತೆಗೆ ಇದನ್ನೂ ನೋಡಿ ಎಂದು ಡಾಕ್ಟರೇ ಕುದುರೆಗಳ ಒಡನಾಟದಲ್ಲಿ ಮನಸ್ಸಿಗೆ ಚಿಕಿತ್ಸೆ ಕೊಡುವ ಈ ಜಾಗ ಹೇಳಿದ್ದು. ಯಲಹಂಕ ದಾಟಿ ಒಳಗೆ ಹೋದರೆ ಹಿಂದೆ ದ್ರಾಕ್ಷಿ ತೋಟವಾಗಿದ್ದ ಜಮೀನು. ಬಳ್ಳಿ ಹಬ್ಬಿಸುತ್ತಿದ್ದ ಕಲ್ಲುಕಂಬಗಳೇ ಈಗ ಕುದುರೆಗಳ ಬೇಲಿ. ಕುದುರೆ ಸವಾರಿ ಇಲ್ಲ. ಅದರ ಮೈ ಉಜ್ಜುವುದು, ಪಕ್ಕದಲ್ಲಿ ನಡೆಯುವುದು, ಸುಮ್ಮನೆ ನಿಲ್ಲುವುದು. ನನ್ನ ಯಜಮಾನರಿಗೆ ಇದು ಅರ್ಥವಾಗಲಿಲ್ಲ.

"ಪಕ್ಕದಲ್ಲಿ ನಿಲ್ಲೋಕೆ ಅಲ್ಲಿ ತನಕ ಯಾಕೆ ಹೋಗ್ಬೇಕು? ನಮ್ ರೋಡಲ್ಲಿ ಮದುವೆ ಮೆರವಣಿಗೆಗೆ ಬರುತ್ತಲ್ಲ, ಅದರ ಪಕ್ಕ ನಿಂತ್ಕೊಳ್ಳಿ, ಊಟಾನೂ ಹಾಕ್ತಾರೆ" ಅಂದರು. ಅಂದರೂ ಪ್ರತಿ ಶನಿವಾರ ಕಾರು ತೆಗೆದವರು ಅವರೇ.

ಕೌನ್ಸೆಲರ್ ಮಗಳಿಗೆ ಕೊಟ್ಟ ಕೆಲಸ ಒಂದೇ. ಕೈ ಚಾಚಿದರೆ ಎಷ್ಟು ದೂರವೋ ಅಷ್ಟು ಜಾಗ ಅವಳದು. ಕುದುರೆ ಅದರೊಳಗೆ ಬಂದರೆ ಹಿಂದೆ ಕಳಿಸಬೇಕು. ಹೊಡೆಯಬಾರದು, ಹಗ್ಗ ಜಗ್ಗಬಾರದು. ಹೇಳಬೇಕು. ಅಜ್ಜಿಗೆ ಇದು ಗೊತ್ತಿತ್ತೋ ಏನೋ, ಬಂದು ಬಂದು ಅವಳ ಭುಜಕ್ಕೆ ಕತ್ತು ಒರಗಿಸುತ್ತಿತ್ತು, ದುಪಟ್ಟಾ ಅಗಿಯುತ್ತಿತ್ತು. ಮಗಳು ಜಾಗ ಬಿಟ್ಟುಕೊಡುತ್ತಾ, ಬಿಟ್ಟುಕೊಡುತ್ತಾ, ಕೊನೆಗೆ ಬೇಲಿಗೆ ಬಂದು ತಗುಲಿದಳು.

ನನಗೆ ತಡೆಯಲಾಗಲಿಲ್ಲ. "ಪರ್ವಾಗಿಲ್ಲ ಬಿಡಿ ಮೇಡಂ, ಹಳೇ ದುಪಟ್ಟಾ ಅದು. ತಿನ್ಲಿ ಪಾಪ."

ಕೌನ್ಸೆಲರ್ ನನ್ನ ಕಡೆ ತಿರುಗಿ ಜೋರಾಗಿ ನಕ್ಕುಬಿಟ್ಟರು. "ಇದು ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತು ನೋಡಿ!"

ನಾನೂ ನಕ್ಕೆ. ಕುರ್ಚಿ ಎಳೆದರೆ ಸದ್ದಾಗಬಾರದು, ನಾಲ್ಕು ಜನರಿಗೆ ಕೇಳುವ ಹಾಗೆ ಮಾತಾಡಬಾರದು ಎಂದು ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮ್ಮನ್ನು ಬೆಳೆಸಿದ್ದರು. ಆ ನಯವೆಂದರೆ ನನಗೆ ಈಗಲೂ ಇಷ್ಟ. ಆದರೆ ನನ್ನಿಂದ ಅದನ್ನೇ ಕಲಿತ ಹುಡುಗಿ ಕಲ್ಲುಕಂಬಕ್ಕೆ ಬೆನ್ನು ಕೊಟ್ಟು, ದುಪಟ್ಟಾದ ಒಂದು ತುದಿ ತಾನು ಹಿಡಿದು ಇನ್ನೊಂದನ್ನು ಕುದುರೆಯ ಬಾಯಲ್ಲಿ ಬಿಟ್ಟು ನಿಂತದ್ದನ್ನು ನೋಡಿದಾಗ, ಈ ನಯ ಇನ್ನು ಸಾಕು ಅನ್ನಿಸಿತು.

ಮುಂದಿನ ವಾರ ಅವಳು ಪ್ರಯತ್ನಪಟ್ಟಳು. ಅಜ್ಜಿ ಹತ್ತಿರ ಬಂದ ಕೂಡಲೇ, ಮೆಲ್ಲಗೆ: "ಪ್ಲೀಸ್, ಸ್ವಲ್ಪ ಹಿಂದೆ ಹೋಗ್ತೀರಾ?"

ಹೆಸರು ಅಜ್ಜಿ ಎಂದ ಮೇಲೆ ಬಹುವಚನ ಬಿಟ್ಟು ಅವಳಿಗೆ ಬರುವುದಿಲ್ಲ. ಲಾಯ ನೋಡಿಕೊಳ್ಳುತ್ತಿದ್ದ ಭಾಯ್ ಹುಲ್ಲಿನ ಕಟ್ಟು ಕೆಳಗಿಟ್ಟು ಸೊಂಟಕ್ಕೆ ಕೈ ಕೊಟ್ಟು ನಿಂತರು.

"ಅರೆ ಬೇಟಿ, ನಮ್ ಅಜ್ಜಿಗೆ ಇಷ್ಟು ಮರ್ಯಾದೆ ಯಾರೂ ಕೊಟ್ಟಿಲ್ಲ. ಆದ್ರೆ ಅವಳು ಇಸ್ಕೂಲ್‌ಗೆ ಹೋಗಿಲ್ಲಮ್ಮ, ಪ್ಲೀಸ್ ಅಂದ್ರೆ ಅದೂ ತಿನ್ನೋ ಐಟಂ ಅನ್ಕೋತಾಳೆ!"

ಮಗಳು ನಕ್ಕಳು. ಸದ್ದು ಬರುವ ಹಾಗೆ ನಕ್ಕಳು. ಕಾರಿನ ಹತ್ತಿರ ನಿಂತಿದ್ದ ಯಜಮಾನರು ಮೊಬೈಲ್ ಜೇಬಿಗೆ ಹಾಕಿ ಬೇಲಿಯ ಹತ್ತಿರ ಬಂದರು. ಆಮೇಲೆ ಮದುವೆ ಮೆರವಣಿಗೆಯ ಮಾತು ಅವರ ಬಾಯಲ್ಲಿ ಬರಲಿಲ್ಲ.

ಎಲ್ಲ ಶನಿವಾರಗಳೂ ಹಾಗಿರಲಿಲ್ಲ. ಕೆಲವು ಸಲ ಅವಳು ಕಾರಿನಿಂದ ಇಳಿಯಲೇ ಇಲ್ಲ. ಒಮ್ಮೆ ಇಡೀ ಹೊತ್ತು ಅಜ್ಜಿಯ ಹೊಟ್ಟೆಗೆ ಹಣೆ ಒತ್ತಿ ಅತ್ತಳು. ಕುದುರೆ ಕಿವಿ ಹಿಂದಕ್ಕೆ ತಿರುಗಿಸಿಕೊಂಡು ಅಲುಗದೆ ನಿಂತಿತ್ತು. ಯಾರೂ ಅವಳನ್ನು ಏನೂ ಕೇಳಲಿಲ್ಲ.

ಒಂದು ಶನಿವಾರ ಏರ್‌ಫೋರ್ಸ್ ನೆಲೆಯ ಕಡೆಯಿಂದ ದೊಡ್ಡ ವಿಮಾನವೊಂದು ತಲೆಯ ಮೇಲೇ ಬಂತು. ಸದ್ದಿಗೆ ಅಜ್ಜಿ ಬೆದರಿ ನೇರ ಮಗಳ ಮೈಮೇಲೆ ನುಗ್ಗಿತು. ನಾನು ಎದ್ದು ನಿಂತೆ, ಕುರ್ಚಿ ಹಿಂದೆ ಬಿತ್ತು. ಮಗಳು ಹಿಂದೆ ಸರಿಯಲಿಲ್ಲ. ಕಾಲು ಅಗಲಿಸಿ ಊರಿ, ಅಂಗೈ ಮುಂದೆ ಹಿಡಿದು, "ಬೇಡ! ಹಿಂದೆ!" ಅಂದಳು. ಹೊಟ್ಟೆಯಿಂದ ಬಂದ ದನಿ. ಇಪ್ಪತ್ತು ವರ್ಷ ಸಾಕಿದ ನನಗೂ ಅದು ಹೊಸದು.

ಅಜ್ಜಿ ನಿಂತಿತು. ಮೂಗು ಅರಳಿಸಿ ಉಸಿರು ಬಿಟ್ಟಿತು. ಹಿಂದಕ್ಕೆ ಹೆಜ್ಜೆಯಿಟ್ಟು ತಲೆ ತಗ್ಗಿಸಿ, ಬರಿಬಾಯಿ ಮೆಲ್ಲತೊಡಗಿತು. ಸಮಾಧಾನವಾದರೆ ಕುದುರೆ ಹಾಗೆ ಮಾಡುತ್ತದಂತೆ.

ಕೌನ್ಸೆಲರ್ ಹತ್ತಿರ ಹೋಗಿ ಕೇಳಿದರು: "ಅಜ್ಜಿಗೆ ಕೋಪ ಬಂತಾ?"

ಮಗಳು ನೋಡಿದಳು. ಕುದುರೆ ಅವಳ ಕೈಯಳತೆಯ ಆಚೆ, ಅಲ್ಲೇ ನಿಂತಿತ್ತು. "ಇಲ್ಲ."

"ಬಿಟ್ಟು ಹೋಯ್ತಾ?"

"ಇಲ್ಲ. ಇಲ್ಲೇ ಇದೆ." ಅವಳು ಅಂಗೈ ಕೆಳಗಿಳಿಸಿದಳು. "ನಾನು ಬೇಡ ಅಂದ್ರೂ ಇಲ್ಲೇ ಇದೆ."

ಬೇಲಿಯ ಹೊರಗೆ ನಾನು ಕುರ್ಚಿ ಎತ್ತಿಡುವ ನೆಪದಲ್ಲಿ ಕಣ್ಣೊರೆಸಿಕೊಂಡೆ.

ಮನೆಯಲ್ಲಿ ಮೊದಲ ಬೇಡ ಹೀರೇಕಾಯಿ ಪಲ್ಯಕ್ಕೆ ಬಂತು. ಆಮೇಲೆ ಅವಳ ಸೋದರತ್ತೆಗೆ: ಫೋನಿನಲ್ಲಿ "ಏನಾಗಿತ್ತೇ ನಿಂಗೆ, ಎಲ್ಲಾ ಹೇಳು" ಎಂದು ಕೆದಕುತ್ತಿದ್ದವರಿಗೆ, "ಈಗ ಬೇಡ ಅತ್ತೆ, ನಂಗೆ ಹೇಳ್ಬೇಕು ಅನ್ಸಿದಾಗ ಹೇಳ್ತೀನಿ" ಅಂದಳು. ನಯವಾಗಿಯೇ ಅಂದಳು. ಅವರು ನನಗೆ ಫೋನ್ ಮಾಡಿ "ನಿನ್ ಮಗಳಿಗೆ ಬಾಯಿ ಬಂದಿದೆ" ಎಂದಾಗ ನಾನು ಥ್ಯಾಂಕ್ಸ್ ಹೇಳಿದೆ. ಅವರಿಗೆ ಇನ್ನೂ ಅರ್ಥವಾಗಿಲ್ಲ.

ಕಾಲೇಜು ಮತ್ತೆ ಶುರುವಾಗುವ ದಿನ ನಾನು ಬೆಳಿಗ್ಗೆಯೇ ತಯಾರಾಗಿ ಕೂತಿದ್ದೆ. ಅವಳ ಜೊತೆ ಬಸ್ಸಿನಲ್ಲಿ ಹೋಗುವುದು, ಕ್ಲಾಸು ಮುಗಿಯುವವರೆಗೆ ಗೇಟಿನ ಹತ್ತಿರ ಇರುವುದು ಎಂದು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಿದ್ದೆ. ಸೀರೆಯ ನೆರಿಗೆಗೆ ಪಿನ್ನು ಹಾಕಿ, ನೀರಿನ ಬಾಟಲಿ ಬ್ಯಾಗಿಗಿಟ್ಟೆ. ಅವಳು ಚಪ್ಪಲಿ ಹಾಕಿಕೊಳ್ಳುತ್ತಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಎಲ್ಲಿಗೆ?"

"ನಿನ್ ಜೊತೆ."

"ಬೇಡ ಅಮ್ಮ."

"ಬಸ್ಸಲ್ಲಿ ಏನಾದ್ರೂ ಆದ್ರೆ?"

"ಆಗ್ಬಹುದು. ಆದ್ರೆ ಇಳಿದು ಕೂತ್ಕೋತೀನಿ, ಉಸಿರು ಸರಿಯಾದ್ಮೇಲೆ ಮುಂದಿನ ಬಸ್ ಹತ್ತುತ್ತೀನಿ. ನೀನ್ ಬಂದ್ರೆ ನಾನು ದಾರಿಯೆಲ್ಲ ನಿನ್ ಮುಖಾನೇ ನೋಡ್ತಾ ಇರ್ತೀನಿ."

ಬಾಟಲಿ ಅವಳ ಕೈಗೆ ಕೊಟ್ಟೆ, ತೆಗೆದುಕೊಂಡಳು. ಬಾಲ್ಕನಿಯಿಂದ ನೋಡಿದರೆ, ಬೆನ್ನು ನೆಟ್ಟಗೆ ಮಾಡಿಕೊಂಡು ಅಲ್ಲಾಳಸಂದ್ರದ ಮೇನ್ ರೋಡಿನ ಕಡೆ ನಡೆಯುತ್ತಿದ್ದಳು. ತಿರುಗಿ ನೋಡಲಿಲ್ಲ.

ಕೆರೆ ಸುತ್ತ ವಾಕಿಂಗ್ ಮುಗಿಸಿ ಬರುತ್ತಿದ್ದ ಪಕ್ಕದ ಮನೆಯಾಕೆ ಕೆಳಗಿನಿಂದಲೇ ಕೂಗಿ ಕೇಳಿದರು: "ಏನ್ರೀ, ಬೆಳಿಗ್ಗೆ ಬೆಳಿಗ್ಗೆ ಇಷ್ಟು ರೆಡಿಯಾಗಿದೀರಾ? ಮಗಳ ಜೊತೆ ಹೋಗ್ಲಿಲ್ವಾ?"

"ಹೊರಟಿದ್ದೆ ಕಣ್ರೀ. ಬೇಡ ಅಂದುಬಿಟ್ಳು!"

ಮಗಳಿಗೆ ರ‍್ಯಾಂಕ್ ಬಂತು ಎಂದು ಸಾರುವ ತಾಯಿಯ ದನಿ ಅದು. ಎದುರು ಬಿಲ್ಡಿಂಗಿನ ಮೂರನೇ ಮಹಡಿಯವರೂ ಕಿಟಕಿ ತೆರೆದು ನೋಡಿದರು.