ಅವ್ವ ಜೀಪು ಹತ್ತಿದ ದಿನ

ನನ್ನನ್ನು ಕೆಲಸ ಬಿಡಿಸಿಯೇ ತೀರುತ್ತೇನೆಂದು ಹಟ ಹಿಡಿದವರು ನನ್ನ ಸೋದರಮಾವ. ಅಪ್ಪ ತೀರಿಕೊಂಡ ಮೇಲೆ ಸವಣೂರಿನ ನಮ್ಮ ಮನೆಯಲ್ಲಿ ಅವರದೇ ಮಾತು. ಧಾರವಾಡದಲ್ಲಿ ನನಗೊಂದು ಗಂಡು ನೋಡಿದ್ದರು. ಹುಡುಗಿ ಜೀಪಿನಲ್ಲಿ ಊರೂರು ತಿರುಗುವುದು ಗಂಡಿನ ಕಡೆಯವರಿಗೆ ಸರಿಬಂದಿರಲಿಲ್ಲ. ನನಗೋ ಆ ಕೆಲಸವೆಂದರೆ ಜೀವ. ಮಾವನಿಗೂ ನನಗೂ ದಿನಾ ಜಗಳ. ಕೇಳಿ ಕೇಳಿ ಬೇಸತ್ತ ಅವ್ವ ಒಂದು ದಿನ ಹೇಳಿದಳು: "ನಾಳೆ ನಾನ ಅಕಿ ಜೋಡಿ ಹೋಗಿ ನೋಡಿ ಬರ್ತೇನಿ. ಸರಿ ಕಾಣಲಿಲ್ಲಂದ್ರ ನಾಡಿದ್ದಿನಿಂದ ಮನ್ಯಾಗ ಕೂಡ್ತಾಳ."

ಎಂಬತ್ತರ ದಶಕದ ಮಾತಿದು. ಶಿಗ್ಗಾಂವಿ ಬಸ್‌ಸ್ಟ್ಯಾಂಡಿನ ಹಿಂದೆ ಎರಡು ಖೋಲಿಯ ಕಂಪನಿ ನಮ್ಮದು. ಮಾಲಕರು, ನಕ್ಷೆ ಬರೆಯುವವರು, ಡ್ರೈವರ್, ನಾನು, ಮುಗಿಯಿತು. ಉಪಗ್ರಹ ತೆಗೆದ ಚಿತ್ರಗಳನ್ನು ಹೈದರಾಬಾದಿನಿಂದ ತರಿಸಿ, ಅಡಿಯಲ್ಲಿ ದೀಪವಿದ್ದ ಗಾಜಿನ ಮೇಜಿನ ಮೇಲೆ ಹಾಸಿ, ಭೂತಗನ್ನಡಿ ಹಿಡಿದು ಕೂರುತ್ತಿದ್ದೆವು. ಹಾನಗಲ್ಲ ಸೇರಿ ಸುತ್ತಲಿನ ನಾಲ್ಕು ತಾಲ್ಲೂಕುಗಳಲ್ಲಿ ಯಾವ ಕೆರೆಯಲ್ಲಿ ನೀರಿದೆ, ಯಾವುದು ಹೂಳು ತುಂಬಿ ಹೊಲವಾಗಿದೆ ಎಂದು ಗುರುತಿಸಿ, ಹೋಗಿ ಕಣ್ಣಾರೆ ನೋಡಿ ಬರುವುದು ಕೆಲಸ. ಆ ಚಿತ್ರಗಳಲ್ಲಿ ನೀರು ಕಪ್ಪಗೆ, ಹಸಿರೆಲ್ಲ ಕೆಂಪಗೆ ಕಾಣುತ್ತಿತ್ತು. ಇದನ್ನು ಮನೆಯಲ್ಲಿ ಹೇಳಿದಾಗ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಮರುದಿನ ಅವ್ವ ಮಡಿ ಸೀರೆ ಉಟ್ಟು, ಮೊಸರನ್ನದ ಬುತ್ತಿ, ಮುಚ್ಚಿದ ತಂಬಿಗೆಯಲ್ಲಿ ಮನೆಯ ನೀರು ಹಿಡಿದು ಜೀಪಿನ ಮುಂದಿನ ಸೀಟಿನಲ್ಲಿ ಕುಳಿತಳು. ಮಾಲಕರು ಪಾಪ, ನನ್ನ ಜೊತೆ ಹಿಂದೆ ಮುದುಡಿಕೊಂಡರು. ಸದಾ ಬೀಡಿ ಸೇದುವ ಡ್ರೈವರ್ ಅಂದು ಬೀಡಿ ಮುಟ್ಟದೆ ಗಾಡಿ ಓಡಿಸಿದ. ಅವ್ವನೋ ನನ್ನ ಕೈಯಿಂದ ಚಿತ್ರ ಕಸಿದುಕೊಂಡು ವಿಚಾರಣೆಗೆ ನಿಂತಳು.

"ಇದರಾಗ ನಮ್ಮ ಮನಿ ಎಲ್ಲದ?"

"ಮನಿ ಕಾಣೂದಿಲ್ಲವ್ವಾ, ಭಾಳ ಸಣ್ಣದಾಗತದ."

"ಖರೇ ಹೇಳು. ಹಿತ್ತಲದಾಗ ಮೈಮ್ಯಾಲ ನೀರು ಹಾಕ್ಕೊಳ್ಳೋರು ಕಾಣ್ತಾರೇನು?"

ಮಾಲಕರು ಕಿಟಕಿಯ ಕಡೆ ತಿರುಗಿ ಕೆಮ್ಮಿದರು. ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಕೆಲಸ ಹೋದಂತೆಯೇ ಎಂದುಕೊಂಡೆ. "ಇಲ್ಲವ್ವಾ, ಆಣಿ ಮಾಡ್ತೇನಿ" ಅಂದೆ. "ಹಂಗಾದ್ರ ಅಡ್ಡಿಯಿಲ್ಲ" ಎಂದು ಅವ್ವ ಚಿತ್ರ ವಾಪಸು ಕೊಟ್ಟಳು.

ನಾವು ಹೊರಟಿದ್ದು ದುಂಡಸಿಯ ಆಚೆಯ ಒಂದು ಹಳ್ಳಿಗೆ. ಹಳೆಯ ನಕ್ಷೆಯಲ್ಲಿ ಅಲ್ಲೊಂದು ದೊಡ್ಡ ಕೆರೆ. ಚಿತ್ರದಲ್ಲಿ ಆ ಜಾಗ ಹೆಚ್ಚುಕಡಿಮೆ ಪೂರಾ ಕೆಂಪು. ಕೆರೆ ಸತ್ತಿದೆ, ಯಾರೋ ಭತ್ತ ಹಾಕಿದ್ದಾರೆ ಎಂದು ಎಲ್ಲರೂ ಒಪ್ಪಿಯಾಗಿತ್ತು, ನಾನೂ ಸೇರಿ. ಊರ ಬಾಗಿಲಲ್ಲೇ ಮಾಲಕರು ಒಬ್ಬ ರೈತನನ್ನು ನಿಲ್ಲಿಸಿ, "ಕೆರ್‍ಯಾಗ ಭತ್ತ ಹಾಕಿದವರು ಯಾರ್ರಿ?" ಎಂದು ಗತ್ತಿನಿಂದ ಕೇಳಿದರು. ಅವನು ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಮದಲ ಏರಿ ಹತ್ರಿ, ಆಮ್ಯಾಲ ಕೇಳೂವಂತ್ರಿ" ಅಂದ.

ಕೆರೆಯ ಏರಿ ಹತ್ತಿದರೆ ಮೊದಲ ನೋಟಕ್ಕೆ ನೀರೇ ಕಾಣದಷ್ಟು ತಾವರೆ ಎಲೆ, ಆ ದಂಡೆಯಿಂದ ಈ ದಂಡೆಯವರೆಗೆ. ನಡುನಡುವೆ ಹೂವು. ಎಲೆಯ ಹಸಿರನ್ನೇ ಚಿತ್ರ ಕೆಂಪಾಗಿ ತೋರಿಸಿತ್ತು. ಅಡಿಯಲ್ಲಿ ಎದೆಮಟ್ಟ ನೀರು. ಮಾಲಕರು ಹಣೆ ಬಡಿದುಕೊಂಡು ನಗಲು ಶುರುಮಾಡಿದರು. ನನಗೆ ಕುಣಿಯಬೇಕೆನಿಸಿತು. ಸತ್ತಿತೆಂದು ಬರೆಯಬೇಕಿದ್ದ ಕೆರೆ ಕಣ್ಣೆದುರು ಜೀವಂತವಾಗಿತ್ತು.

ಬಟ್ಟೆ ಒಗೆಯುತ್ತಿದ್ದ ಹೆಂಗಸರು ಚಿತ್ರ ನೋಡಲು ಮುತ್ತಿಕೊಂಡರು. ಹಸಿರು ಕೆಂಪಾಗಿ ಕಾಣುತ್ತದೆ ಎಂದು ನಾನು ವಿವರಿಸುತ್ತಿದ್ದರೆ ಅವರಲ್ಲೊಬ್ಬಳು, "ಹಸರಿಗೆ ಕೆಂಪ ಅಂತಾಳಲ್ಲ, ಇಕಿಗೆ ಸಾಲಿ ಕಲಿಸಿದವರು ಯಾರಬೇ?" ಎಂದು ಚೇಷ್ಟೆ ಮಾಡಿದಳು. ಎಲ್ಲರೂ ಘೊಳ್ಳೆಂದರು. ನನ್ನ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ ಅವ್ವ ಮುಂದೆ ಬಂದಳು.

"ನಾನ ಕಲಿಸಿದಾಕಿ. ಇಲ್ಲಿ ನೋಡ್ರಿ, ಇದು ನಿಮ್ಮ ಏರಿ. ಇದು ನಾವು ಬಂದ ಹಾದಿ. ಅಲ್ಲಿ ಕರ್ರಗ ಸಣ್ಣದು ಕಾಣತದಲ್ಲ, ಅಲ್ಲಿ ಎಲಿ ಇಲ್ಲ, ಬರೇ ನೀರು. ಹೌದೋ ಅಲ್ಲೋ ತಿರುಗಿ ನೋಡ್ರಿ."

ಹೆಂಗಸರು ತಿರುಗಿ ನೋಡಿದರು. ಕೆರೆಯ ಆ ಮೂಲೆಯಲ್ಲಿ ಎಲೆ ಇರಲಿಲ್ಲ. ಅವ್ವ ಜೀಪಿನಲ್ಲಿ ಕುಳಿತು ಅದನ್ನೆಲ್ಲ ಯಾವಾಗ ನೋಡಿಕೊಂಡಳೋ ನನಗೆ ತಿಳಿಯದು. ಹೆಂಗಸರು ಅವಳಿಗೊಂದು ತಾವರೆ ಕಿತ್ತುಕೊಟ್ಟು ಕಳಿಸಿದರು.

ಸಂಜೆ ಮಾವ ಪಡಸಾಲೆಯಲ್ಲೇ ಕಾಯುತ್ತಿದ್ದರು. "ಏನಕ್ಕಾ, ನೋಡಿದ್ಯಲ್ಲ? ಧಾರವಾಡಕ್ಕ ಹೇಳಿ ಕಳಸ್ಲೇನು, ಕೆಲಸ ಬಿಟ್ಟಾಳಂತ?"

ಅವ್ವ ಸಾವಕಾಶ ಕಾಲು ತೊಳೆದುಕೊಂಡಳು.

"ನಾ ಲಗ್ನಾಗಿ ಈ ಊರಿಗೆ ಬಂದು ಎಷ್ಟ ವರ್ಷಾತು? ದುಂಡಸಿ ಇಷ್ಟ ಹತ್ರ ಅದ ಅಂತ ನನಗ ಇವತ್ತ ಗೊತ್ತಾತು. ಕರಕೊಂಡು ಹೋಗಿ ತೋರಿಸಿದಾಕಿ ಇಕಿ. ಕೆಲಸ ಬಿಡೂದಿಲ್ಲ ಅಂತ ಹೇಳಿ ಕಳಸು."

ಮಾವ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದರು. ಅವ್ವ ನನ್ನ ಕಡೆ ತಿರುಗಿ, "ನಾಳೆ ಹಾನಗಲ್ಲಿಗೆ ಎಷ್ಟಕ್ಕ ಹೊರಡೂದು?" ಅಂದಳು.

"ಇನ್ನ ನನ್ನ ಕಾಯೂದು ಬ್ಯಾಡವ್ವಾ" ಅಂದೆ.

"ನಿನ್ನ ಕಾಯಾಕ ಯಾರು ಬರ್ತಾರ? ನಾ ಹಾನಗಲ್ಲ ನೋಡಾಕ ಬರ್ತೇನಿ."